ಓವನ್ ರಿಪೇರಿಗೆ ಮುಂಚೆ ಓಮ್ ನಿಯಮ

ಮನೆಯ ಓಟಿಜಿ ಬಿಸಿಯಾಗ್ತಿಲ್ವಾ? ಎಸೆಯೋ ಮುಂಚೆ ಮಲ್ಟಿಮೀಟರ್ ತಗೊಳ್ಳಿ. ಆದರೆ ಮೈಕ್ರೋವೇವ್ ಆದರೆ ಬಿಚ್ಚಲೇಬೇಡಿ. ಅದರ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಸಾಕೆಟ್ ವೈರಿಂಗ್ ಉಲ್ಟಾ ಆಗಿದ್ದರೆ ಸ್ವಿಚ್ ಕತ್ತರಿಸೋದು ನ್ಯೂಟ್ರಲ್ ಮಾತ್ರ. ಫೇಸ್ ಒಳಗೇ ಇರುತ್ತೆ.

ಓವನ್ ಪೂರ್ತಿ ತಣ್ಣಗಾದ ಮೇಲೆ ಪಕ್ಕದ ಕವರ್ ಬಿಚ್ಚಿ, ಎಲಿಮೆಂಟ್‌ನ ವೈರ್ ಕಳಚಿ, ಅದರ ಎರಡು ತುದಿಗೆ ಮೀಟರ್ ಹಿಡಿಯಿರಿ. ವೋಲ್ಟೇಜ್‌ನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿ: 230 ವೋಲ್ಟ್, 750 ವ್ಯಾಟ್ ಅಂದರೆ ಸುಮಾರು 70 ಓಮ್. ಮೀಟರ್ ‘ಓಪನ್’ ತೋರಿಸಿದರೆ ಎಲಿಮೆಂಟ್ ಸುಟ್ಟಿದೆ. ಅದೇ ಎಲಿಮೆಂಟ್ ತುದಿಗೂ ಓವನ್ ಬಾಡಿಗೂ ನಡುವೆ ‘ಓಪನ್’ ಬಂದರೇನೇ ಸರಿ; ಓಮ್ ಲೆಕ್ಕ ಬಂದರೆ ಬಾಡಿ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಹೊಸ ಎಲಿಮೆಂಟ್ ಅಷ್ಟೇ ವ್ಯಾಟ್‌ನದ್ದಿರಲಿ. ಲ್ಯಾಬ್ ಅಭ್ಯಾಸದಲ್ಲಿ ಸೋಲ್ಡರ್ ಮಾಡಬೇಡಿ. ತವರ-ಸೀಸದ ಸೋಲ್ಡರ್ 183 ಡಿಗ್ರಿಗೇ ಕರಗೋಕೆ ಶುರುವಾಗುತ್ತೆ, ಓವನ್ 250ರವರೆಗೂ ಹೋಗುತ್ತೆ. ಸ್ಕ್ರೂ ಅಥವಾ ಕ್ರಿಂಪ್ ಜೋಡಣೆಯೇ ಬೇಕು.

ಕೊನೆಗೆ, ಪ್ಲಗ್‌ನ ದಪ್ಪ ಅರ್ಥ್ ಪಿನ್ನಿಗೂ ಬಾಡಿಯ ಸ್ಕ್ರೂಗೂ ನಡುವೆ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ಬರದಿದ್ದರೆ ಓವನ್ ಎಷ್ಟೇ ಚೆನ್ನಾಗಿ ಬಿಸಿಯಾದರೂ ರಿಪೇರಿ ಮುಗಿದಿಲ್ಲ. ಪ್ಲಗ್ ಹಾಕದೆ ಎಲೆಕ್ಟ್ರಿಷಿಯನ್‌ನ ಕರೀರಿ.