ಔಷಧಿ ಜಾರುವ ಎಲೆ, ಚಿಗುರು ಹುಡುಕುವ ಹುಳು

ಕೆರೆಯನ್ನು ತೇಲುವ ಕಳೆ ಮುಚ್ಚಿತೆಂದರೆ ಮೊದಲು ನೆನಪಾಗುವುದು ಕಳೆ ಔಷಧಿ. ಆದರೆ ಸಾಲ್ವೀನಿಯಾ ಎಂಬ ತೇಲುವ ಜರೀಗಿಡದ ಮೇಲೆ ಆ ಔಷಧಿ ನಿಲ್ಲುವುದೇ ಕಷ್ಟ. ಅದರ ಒಂದು ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಮೈತುಂಬ ರೋಮಗಳು. ಒಂದೊಂದು ರೋಮದ ತುದಿಯಲ್ಲೂ ನಾಲ್ಕು ಎಳೆಗಳು ಕವಲೊಡೆದು, ಬಾಗಿ, ಮತ್ತೆ ಒಂದಾಗಿ ಕೂಡಿರುತ್ತವೆ, ಥೇಟ್ ಕಡೆಗೋಲಿನ ತಲೆಯ ಹಾಗೆ. ಈ ರೋಮಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಮೇಲೆ ಬಿದ್ದ ಹನಿ ಎಲೆಯನ್ನು ಮುಟ್ಟದೆಯೇ ಉರುಳಿಹೋಗುತ್ತದೆ. ಗ್ಲೈಫೋಸೇಟ್ ಎಂಬ ಕಳೆ ಔಷಧಿ ಬೆರೆಸಿದ ಹನಿಯ ಪಾಡೂ ಅದೇ. ಅದು ಎಲೆಗೆ ಹತ್ತಬೇಕಾದರೆ ಅಂಟು ದ್ರಾವಣ ಸೇರಿಸಲೇಬೇಕು.

ಔಷಧಿ ಹತ್ತಿತು, ಗಿಡ ಸತ್ತಿತು ಎಂದೇ ಇಟ್ಟುಕೊಳ್ಳಿ. ಸತ್ತ ರಾಶಿ ಮುಳುಗಿ ಕೊಳೆಯತೊಡಗುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಂಡುಬಿಟ್ಟರೆ ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ಬಿಡುತ್ತವೆ, ಆಮೇಲೆ ಸಾಯುತ್ತವೆ. ಇಡೀ ಕೊಳಕ್ಕೆ ಒಂದೇ ಸಲ ಸಿಂಪಡಿಸಬಾರದು, ಭಾಗ ಮಾಡಿ ವಾರಗಳ ಅಂತರ ಕೊಡಬೇಕು ಎನ್ನುವುದು ಇದಕ್ಕೇ. ಇಷ್ಟಾದರೂ ದಪ್ಪ ಹಾಸಿನ ಅಡಿಯಲ್ಲಿದ್ದ ಗಿಡಗಳಿಗೆ ಹನಿ ತಲುಪಿರುವುದಿಲ್ಲ. ಈ ಗಿಡಕ್ಕೆ ಬೀಜವಿಲ್ಲ, ಬೀಜಕಗಳೂ ಬಂಜೆ. ಅದು ಬೆಳೆಯುವುದು ತುಂಡಿನಿಂದ. ಬೆಚ್ಚಗಿನ, ಗೊಬ್ಬರದ ಅಂಶವಿರುವ ನೀರಿನಲ್ಲಿ ಒಂದು ಗೆಣ್ಣು ಉಳಿದರೂ ವಾರ ತುಂಬುವುದರೊಳಗೆ ಇಮ್ಮಡಿಯಾಗುತ್ತದೆ.

ಇದೇ ಗಿಡವನ್ನು ಬಗ್ಗಿಸಿದ್ದು ಎರಡು ಮಿಲಿಮೀಟರ್ ಉದ್ದದ ಒಂದು ಕಪ್ಪು ಮೂತಿಹುಳು, ಸಿರ್ಟೊಬೇಗಸ್ ಸಾಲ್ವೀನಿಯೆ. ಪ್ರೌಢ ಹುಳು ಹುಡುಕಿಕೊಂಡು ಹೋಗಿ ತಿನ್ನುವುದು ಚಿಗುರುಮೊಗ್ಗನ್ನು. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹೊಸ ಚಿಗುರಿಲ್ಲ, ಇದ್ದ ಕಾಂಡ ಟೊಳ್ಳು. ಹಸಿರು ಹಾಸು ಕಂದಾಗಿ ಮುಳುಗುತ್ತದೆ. ನೀರಿನಡಿಯಲ್ಲಿದ್ದಾಗ ಹುಳುವಿಗೆ ಹೊಟ್ಟೆಯಡಿಯ ತೆಳುವಾದ ಗಾಳಿಪದರವೇ ಉಸಿರು. ಅದು ಬದುಕುವುದು ಸಾಲ್ವೀನಿಯಾದ ಮೇಲೆ ಮಾತ್ರ. ಕಳೆ ಮುಗಿಯುತ್ತ ಬಂದಂತೆ ಹುಳುವೂ ಕಡಿಮೆಯಾಗುತ್ತದೆ.

ಈ ಹುಳು ಸಿಗಲು ತಡವಾದದ್ದಕ್ಕೆ ಕಾರಣ ಗಿಡದ ಗುರುತು ತಪ್ಪಿದ್ದು. 1972ರವರೆಗೆ ಇದನ್ನು ಬೇರೊಂದು ಪ್ರಭೇದವೆಂದೇ ತಿಳಿದಿದ್ದರು. ಆ ಪ್ರಭೇದದ ತವರಿನಿಂದ ತಂದುಬಿಟ್ಟ ಕೀಟಗಳು ಕೈಕೊಟ್ಟವು. ನಿಜವಾದ ತವರು ಆಗ್ನೇಯ ಬ್ರೆಜಿಲ್ ಎಂದು 1978ರಲ್ಲಿ ಗೊತ್ತಾದ ಮೇಲೆ ಸರಿಯಾದ ಹುಳು ಸಿಕ್ಕಿತು. 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಜಲಾಶಯಕ್ಕೆ ಅದನ್ನು ಬಿಟ್ಟರು. ಮುಂದಿನ ವರ್ಷವೇ ಅಲ್ಲಿನ ಸುಮಾರು 200 ಹೆಕ್ಟೇರ್ ಕಳೆ ನೆಲಕಚ್ಚಿತು. ಅಲ್ಲಿಂದಲೇ ತರಿಸಿದ ಹುಳುಗಳನ್ನು 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಡಲಾಯಿತು. 11 ತಿಂಗಳಲ್ಲಿ ಸಾಲ್ವೀನಿಯಾ ಹೋಗಿ ನೈದಿಲೆ ಮತ್ತೆ ಚಿಗುರಿತು. ದೋಣಿಗಳೇ ಸಾಗದಂತೆ ಕಾಲುವೆಗಳು ತುಂಬಿಹೋಗಿದ್ದ ಕೇರಳದಲ್ಲೂ ಅದೇ ಹುಳು ದುಡಿಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಪುವಾ ನ್ಯೂಗಿನಿಯ ಸೆಪಿಕ್ ನದಿಯ ಪ್ರಸಂಗ. ಅಲ್ಲಿ ಬಿಟ್ಟ ಹುಳು ಮೊದಲು ನೆಲೆಯೂರಲೇ ಇಲ್ಲ. ಅಲ್ಲಿನ ಗಿಡದಲ್ಲಿ ಸಾರಜನಕ ತೀರಾ ಕಡಿಮೆ, ಹುಳುವಿಗೆ ಅದು ಪುಷ್ಟಿಯಿಲ್ಲದ ಊಟ. ವಿಜ್ಞಾನಿಗಳು ಕಳೆಗೇ ಯೂರಿಯಾ ಹಾಕಿದರು! ಗಿಡ ಕೊಬ್ಬಿತು, ಹುಳು ತಿಂದು ಹೆಚ್ಚಿತು, ಹೆಚ್ಚಿದ ಹುಳುಗಳ ಹಾವಳಿಯಿಂದ ಗಿಡದಲ್ಲಿ ಸಾರಜನಕ ಇನ್ನೂ ಏರಿತು. ಅಲ್ಲಿಂದಾಚೆ ಯೂರಿಯಾದ ಹಂಗು ಬೇಕಾಗಲಿಲ್ಲ.

ಹಾಗೆಂದು ಔಷಧಿಯೇ ಬೇಡ ಎನ್ನಲಾರೆ. ಹುಳು ಕೆಲಸ ಮಾಡಲು ತಿಂಗಳುಗಳು ಬೇಕು, ಚಳಿಯಲ್ಲಿ ಅದು ನಿಧಾನ. ಹೊಸದಾಗಿ ಕಾಣಿಸಿದ ಸಣ್ಣ ತೇಪೆಯನ್ನು ಅಂದೇ ಬಲೆಯಿಂದ ಎತ್ತಿ ದಡದಿಂದ ದೂರ ಒಣಗಿಸುವುದೇ ಮೇಲು. ಹುಳು ಬಿಟ್ಟ ಕೊಳದಲ್ಲಿ ಸಿಂಪಡಿಸಲೇಬೇಕಾದರೆ ಒಂದು ಅಂಚಿನ ಕಳೆಯನ್ನು ಮುಟ್ಟದೆ ಉಳಿಸಬೇಕು. ಎಲ್ಲವನ್ನೂ ಒಮ್ಮೆಗೆ ಕೊಂದರೆ ಹುಳುವಿಗೆ ಊಟವಿಲ್ಲ, ಆಮೇಲೆ ತಪ್ಪಿಸಿಕೊಂಡ ಗೆಣ್ಣು ಚಿಗುರಿದಾಗ ಅದನ್ನು ತಿನ್ನಲು ಯಾರೂ ಉಳಿದಿರುವುದಿಲ್ಲ.