ಆಟಕ್ಕೆ ಒಡೆಯರು ಯಾರು?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಎಂಬ ಚಿಕ್ಕ ಊರೊಂದಿದೆ. ಆ ಊರಿನ ಗ್ಯಾರಿ ಗೈಗ್ಯಾಕ್ಸ್ ಎಂಬಾತನು ಡೇವ್ ಆರ್ನೆಸನ್ ಎಂಬವನೊಡಗೂಡಿ ರಚಿಸಿದ ಹೊಸ ಬಗೆಯ ಆಟವೊಂದು ೧೯೭೪ರಲ್ಲಿ ಬೆಳಕು ಕಂಡಿತು. ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಮೊದಲು ಅಚ್ಚಾದುದು ಸಾವಿರವೇ ಪ್ರತಿ.

ಈ ಆಟಕ್ಕೆ ಹಾಸೂ ಬೇಡ, ಕಾಯಿಯೂ ಬೇಡ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತರಾಯಿತು. ಒಬ್ಬನು ಸೂತ್ರಧಾರ; ಉಳಿದವರಲ್ಲಿ ಒಬ್ಬ ಯೋಧ, ಒಬ್ಬ ಮಾಂತ್ರಿಕ, ಮತ್ತೊಬ್ಬ ಕಳ್ಳ. “ಬಾಗಿಲಿನ ಆಚೆ ಏನೋ ಉಸಿರಾಡುತ್ತಿದೆ, ಏನು ಮಾಡುವಿರಿ?” ಎಂದು ಸೂತ್ರಧಾರ ಕೇಳುತ್ತಾನೆ. ಉತ್ತರ ಹೇಳಿ ದಾಳ ಉರುಳಿಸಬೇಕು. ಪಗಡೆಯ ದಾಳವಲ್ಲ, ಇಪ್ಪತ್ತು ಮುಖಗಳ ದಾಳ! ಕಥೆ ಒಂದೇ ಸಂಜೆಗೆ ಮುಗಿಯದೆ ಧಾರಾವಾಹಿಯಂತೆ ವರ್ಷಗಟ್ಟಲೆ ಸಾಗುವುದೂ ಉಂಟು.

ತೊಡಕು ಹುಟ್ಟುವುದು ಇಲ್ಲಿಯೇ. ಚದುರಂಗ ಆಡುವವನು ಹೊಸದಾಗಿ ಏನನ್ನೂ ಬರೆಯಬೇಕಿಲ್ಲ. ಈ ಆಟದವನಾದರೋ ಗುಹೆಗಳನ್ನು ಕಲ್ಪಿಸಬೇಕು, ನಕ್ಷೆ ಬಿಡಿಸಬೇಕು, ರಾಕ್ಷಸರನ್ನು ಹುಟ್ಟಿಸಬೇಕು. ಹಾಗೆ ಬರೆದುದು ಯಾರ ಸ್ವತ್ತು? ಲೆಕ್ಕಪತ್ರ ಬರೆಯುವ ವಿಧಾನದ ಕುರಿತಾದ ಪುಸ್ತಕವೊಂದರ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಹತ್ತೊಂಬತ್ತನೆಯ ಶತಮಾನದಲ್ಲೇ ಒಂದು ಮಾತು ಹೇಳಿತ್ತು: ವಿವರಿಸಿದ ವಾಕ್ಯಗಳಿಗೆ ಗ್ರಂಥಸ್ವಾಮ್ಯವುಂಟು, ವಿಧಾನಕ್ಕಿಲ್ಲ. ಆಟದ ನಿಯಮಗಳಿಗೂ ಇದೇ ನ್ಯಾಯ. ಆದರೆ ವಿಧಾನ ಎಲ್ಲಿ ಮುಗಿದು ವಾಕ್ಯ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಹೇಳುವುದು ವಕೀಲರಿಗೂ ಸುಲಭವಲ್ಲ.

ಗೈಗ್ಯಾಕ್ಸನ ಟಿ.ಎಸ್.ಆರ್. ಕಂಪನಿಗೆ ಮೊದಲ ಪಾಠ ಬೇಗನೆ ಆಯಿತು. ಟೋಲ್ಕಿನ್ ಸೃಷ್ಟಿಸಿದ ‘ಹಾಬಿಟ್’ ಎಂಬ ಕುಳ್ಳರು ಆಟದಲ್ಲಿ ನಿಶ್ಚಿಂತೆಯಿಂದ ಓಡಾಡಿಕೊಂಡಿದ್ದರು. ೧೯೭೭ರಲ್ಲಿ ಹಕ್ಕುದಾರರ ಕಡೆಯಿಂದ ಆಕ್ಷೇಪಣೆ ಬಂದಿತು. ಹಾಬಿಟ್ಟರು ರಾತ್ರೋರಾತ್ರಿ ‘ಹಾಫ್‌ಲಿಂಗ್’ಗಳಾದರು! ಹೆಸರು ಬದಲಾಯಿತೇ ಹೊರತು ಎತ್ತರ ಒಂದಂಗುಲವೂ ಹೆಚ್ಚಲಿಲ್ಲ.

ಇಷ್ಟಾದ ಕಂಪನಿಯೇ ೧೯೯೪ರ ಸುಮಾರಿಗೆ ತನ್ನ ಅಭಿಮಾನಿಗಳತ್ತ ಕಣ್ಣು ಕೆಂಪಗೆ ಮಾಡಿತು. ಅಂತರ್ಜಾಲ ಆಗಷ್ಟೇ ಹರಡುತ್ತಿದ್ದ ಕಾಲ. ಹುಡುಗರು ತಾವು ಹೆಣೆದ ಸಾಹಸಕಥೆಗಳನ್ನು ಅದರಲ್ಲಿ ಉಚಿತವಾಗಿ ಹಂಚಿಕೊಳ್ಳುತ್ತಿದ್ದರು. ಅವನ್ನು ತಾನು ಗೊತ್ತುಪಡಿಸಿದ ಭಂಡಾರದಲ್ಲಿಯೇ ಇಡತಕ್ಕದ್ದೆಂದು ಕಂಪನಿ ಹೇಳಿತು. ಕಾಸು ಕೊಟ್ಟು ಪುಸ್ತಕ ಕೊಂಡವರನ್ನೇ ಕಳ್ಳರಂತೆ ಕಂಡುದು ಜಾಣತನವಾಗಿರಲಿಲ್ಲ. ಟಿ.ಎಸ್.ಆರ್. ಎಂದರೆ ‘ಪದೇ ಪದೇ ದಾವೆ ಹೂಡುವವರು’ ಎಂದು ಆಟಗಾರರು ಹೊಸ ಅರ್ಥ ಕಟ್ಟಿದರು.

೧೯೯೭ರಲ್ಲಿ ಸಾಲದಲ್ಲಿ ಮುಳುಗಿದ್ದ ಆ ಕಂಪನಿಯನ್ನು ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಸಂಸ್ಥೆ ಕೊಂಡಿತು. ೨೦೦೦ದಲ್ಲಿ ರಯಾನ್ ಡ್ಯಾನ್ಸಿಯ ಮುಂದಾಳ್ತನದಲ್ಲಿ ‘ಮುಕ್ತ ಪರವಾನಗಿ’ ಹೊರಬಂದಿತು. ನಿಯಮಗಳ ತಿರುಳನ್ನು ಯಾರು ಬೇಕಾದರೂ ಬಳಸಬಹುದು, ಅದನ್ನಾಧರಿಸಿ ಪುಸ್ತಕ ಬರೆದು ಮಾರಲೂಬಹುದು. ಇದು ದಾನವಲ್ಲ, ವ್ಯಾಪಾರವೇ. ಕಥೆ ಬರೆಯುವವರು ಹೆಚ್ಚಿದಷ್ಟೂ ಮೂಲಗ್ರಂಥದ ಮಾರಾಟ ಹೆಚ್ಚೀತೆಂಬ ಲೆಕ್ಕ. ಅದನ್ನು ನಂಬಿ ಎಷ್ಟೋ ಸಣ್ಣ ಪ್ರಕಾಶಕರು ಒಲೆ ಹಚ್ಚಿದರು.

೨೦೨೩ರ ಜನವರಿಯಲ್ಲಿ ಆ ಒಲೆಗೆ ನೀರು ಬೀಳುವಂತಾಯಿತು. ಹಳೆಯ ಪರವಾನಗಿ ಇನ್ನು ಸಲ್ಲದು, ವರ್ಷಕ್ಕೆ ೭,೫೦,೦೦೦ ಡಾಲರಿಗಿಂತ ಹೆಚ್ಚು ವರಮಾನವುಳ್ಳವರು ಹೆಚ್ಚಿನ ಮೊತ್ತದಲ್ಲಿ ಶೇಕಡ ೨೫ರವರೆಗೆ ಕೊಡಬೇಕು ಎಂಬ ಕರಡು ಬಯಲಾಯಿತು. ಆಟಗಾರರು ಕೆರಳಿದರು, ಕಂಪನಿಯ ಅಂತರ್ಜಾಲ ಸೇವೆಯ ಚಂದಾ ರದ್ದುಮಾಡಿದರು. ಕಂಪನಿ ಅಭಿಪ್ರಾಯ ಕೇಳಿದಾಗ ೧೫,೦೦೦ಕ್ಕೂ ಹೆಚ್ಚು ಉತ್ತರಗಳು ಬಂದವು, ಬಹುಪಾಲು ಪ್ರತಿಕೂಲ. ಜನವರಿ ೨೭ರಂದು ಕಂಪನಿ ಹಿಂದೆಗೆಯಿತು. ಸುಮಾರು ೪೦೦ ಪುಟಗಳ ನಿಯಮಸಾರವನ್ನು ಮರಳಿ ಕಸಿಯಲಾಗದ ಸಾರ್ವಜನಿಕ ಪರವಾನಗಿಯೊಂದರ ಅಡಿಯಲ್ಲಿ ಬಿಟ್ಟುಕೊಟ್ಟಿತು.

ಕಂಪನಿಯ ಸ್ವಂತ ಕಥಾಲೋಕಗಳು ಮಾತ್ರ ಇಂದಿಗೂ ಅದರವೇ. ಅವನ್ನು ಕುರಿತು ಅಭಿಮಾನಿ ಬರೆಯಬಹುದು, ಚಿತ್ರ ಬಿಡಿಸಬಹುದು. ಆದರೆ ಹಂಚುವುದು ಪುಕ್ಕಟೆಯಾಗಿರಬೇಕು, ಇದು ಅಧಿಕೃತವಲ್ಲವೆಂಬ ಒಕ್ಕಣೆಯೂ ಇರಬೇಕು. ಘಟಸರ್ಪದ ಚಿತ್ರಕ್ಕೆ ಕೊನೆಯ ಬಣ್ಣ ಹಚ್ಚಿದ ಹುಡುಗ ಕೆಳಗಡೆ ಆ ಒಂದು ಸಾಲನ್ನೂ ಬರೆದೇ ಮುಂದಿನ ಆಟಕ್ಕೆ ಏಳುತ್ತಾನೆ.