ತೊಟ್ಟಿ ಒಣಗಿದರೂ ಮೊಟ್ಟೆ ಸಾಯದು

ದೆಹಲಿಯ ಮೇ ಬಿಸಿಲು ಕೆಲವೊಮ್ಮೆ 45 ಡಿಗ್ರಿ ದಾಟುತ್ತದೆ, ಜನವರಿಯ ರಾತ್ರಿ ನಾಲ್ಕೈದಕ್ಕೆ ಇಳಿಯುತ್ತದೆ, ಮಳೆಯೆಂಬುದು ಮೂರು ತಿಂಗಳ ಮಾತು. ಆಫ್ರಿಕಾದ ಕಾಡುಗಳಲ್ಲಿ ಮರದ ಪೊಟರೆಯ ನೀರಿನಲ್ಲಿ ಬೆಳೆಯುತ್ತಿದ್ದ ಈಡಿಸ್ ಈಜಿಪ್ಟಿ ಸೊಳ್ಳೆ ಇಂಥ ಊರಿನಲ್ಲೂ ಬೇರುಬಿಟ್ಟಿದೆ. 1996ರಲ್ಲಿ ಅದು ಹರಡಿದ ಡೆಂಗಿ ಇಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಾಡಿ, ನಾನೂರಕ್ಕೂ ಹೆಚ್ಚು ಜೀವ ತೆಗೆಯಿತು. ಊರಿನ ಕೊಳಕನ್ನು ದೂರುವುದು ಸುಲಭ. ಆದರೆ ಇಂಥ ಊರಿನಲ್ಲಿ ಅದು ಹೇಗೆ ಉಳಿಯಿತು ಎಂಬುದಕ್ಕೆ ಉತ್ತರ ಇರುವುದು ಸೊಳ್ಳೆಯ ಮೊಟ್ಟೆಯಲ್ಲಿ.

ಒಂದೇ ಊರಿನ ಮೂರು ಸೊಳ್ಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕ್ಯುಲೆಕ್ಸ್ ತನ್ನ ಮೊಟ್ಟೆಗಳನ್ನು ತೆಪ್ಪದಂತೆ ಒಂದಕ್ಕೊಂದು ಅಂಟಿಸಿ ಕೊಳಚೆಯ ಮೇಲೆ ತೇಲಿಬಿಡುತ್ತದೆ. ಲಾರ್ವಾ ತಲೆಕೆಳಗಾಗಿ ಜೋತುಬಿದ್ದು, ಬಾಲದ ನಳಿಕೆಯಿಂದ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ನೀರು ನಾರುತ್ತಿದ್ದರೂ ಅದಕ್ಕೆ ತೊಂದರೆಯಿಲ್ಲ. ನೀರು ಬತ್ತಿದರೆ ಮಾತ್ರ ಮೊಟ್ಟೆ ಉಳಿಯದು. ದೆಹಲಿಯ ಕೊಳಚೆ ಹೊರುವ ನಜಫ್‌ಗಢದ ನಾಲೆ ಬತ್ತುವುದೇ ಇಲ್ಲವಲ್ಲ! ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿಯ ಮೊಟ್ಟೆಗೆ ಎರಡೂ ಬದಿ ಗಾಳಿ ತುಂಬಿದ ತೇಲುಗಳಿವೆ. ನಳಿಕೆಯಿಲ್ಲದ ಲಾರ್ವಾ ನೀರಿನ ಮೇಲ್ಮೈಗೆ ಸಮವಾಗಿ ಮಲಗುತ್ತದೆ. ಅದಕ್ಕೆ ಮಾಳಿಗೆಯ ಟ್ಯಾಂಕಿನ ತಿಳಿನೀರೇ ಹಿತ. ಈಡಿಸ್‌ನ ದಾರಿಯೇ ಬೇರೆ. ಅದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ ಒಂದೊಂದಾಗಿ ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನದಲ್ಲಿ ಒಳಗೆ ಭ್ರೂಣ ಬಲಿತು, ಸುತ್ತಲಿನ ಪೊರೆ ನೀರಾವಿಯನ್ನು ಹೊರಗೆ ಬಿಡದಷ್ಟು ಬಿಗಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಒಣಗಿದ್ದರೂ ಚಿಂತೆಯಿಲ್ಲ. ಅಕ್ಟೋಬರಿನಲ್ಲಿ ನೀರು ಚೆಲ್ಲಿ ಮೂಲೆಗಿಟ್ಟ, ಗಾಳಿ ತಂಪಾಗಿಸುವ ಕೂಲರಿನ ತೊಟ್ಟಿಗೆ ಏಪ್ರಿಲಿನಲ್ಲಿ ನೀರು ತುಂಬಿದಾಗ ಮರಿ ಹೊರಬರಬಹುದು. ಅದೂ ಎಲ್ಲ ಒಟ್ಟಿಗೆ ಅಲ್ಲ, ಕೆಲವು ಎರಡನೆಯ, ಮೂರನೆಯ ನೆನೆತಕ್ಕೆ ಕಾಯುತ್ತವೆ. ಕಂತಿನಲ್ಲಿ ಸಾಲ ತೀರಿಸುವ ಜಾಣತನ!

ಇದು ದೆಹಲಿಗಾಗಿ ಬಂದ ಹೊಂದಾಣಿಕೆಯಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಅಲ್ಲ. ಆಫ್ರಿಕಾದ ಬೇಸಿಗೆ ಪೊಟರೆಗಳನ್ನು ಒಣಗಿಸುತ್ತಿದ್ದಾಗ ಗಳಿಸಿದ ಗುಣ ಅದು. ನಮ್ಮ ಕೂಲರು ತಗಡಿನ ಪೊಟರೆಯಾಯಿತು, ಅಷ್ಟೆ. ಚಳಿಗಾಲದಲ್ಲೂ ಮನೆಯೊಳಗಿನ ತುಂಬಿದ ಡ್ರಮ್ಮುಗಳಲ್ಲಿ ಸೊಳ್ಳೆ ಉಳಿಯುತ್ತದೆ, ಮೊಟ್ಟೆಗೆ ಇಷ್ಟು ಹಿರಿಮೆ ಏಕೆ ಎಂಬುದು ಇನ್ನೊಂದು ಆಕ್ಷೇಪ. ಡ್ರಮ್ಮಿನ ಪಾಲನ್ನು ಒಪ್ಪೋಣ. ಆದರೆ ಮೊದಲ ಮಳೆಗೆ ತಾರಸಿಯ ಒಣ ಟೈರು, ಕುಂಡದ ತಟ್ಟೆಗಳಲ್ಲೂ ಮರಿಗಳು ಕಾಣುವ ವೇಗವನ್ನು ಡ್ರಮ್ಮು ಒಂದೇ ವಿವರಿಸದು. ಹವಾಮಾನಕ್ಕಿಂತ ಪಾತ್ರೆಯೇ ಮುಖ್ಯ ಎಂಬುದಕ್ಕೆ ನಮ್ಮ ಕರಾವಳಿಯನ್ನೂ ನೋಡಬಹುದು: ಮಳೆಯಲ್ಲಿ ದೆಹಲಿಗೆ ಯಾವ ಹೋಲಿಕೆಯೂ ಇಲ್ಲದ ಮಂಗಳೂರಿನಲ್ಲಿ, ಕಟ್ಟುತ್ತಿರುವ ಕಟ್ಟಡಗಳ ನೀರಿನಲ್ಲಿ ಅದೇ ಸ್ಟೀಫನ್ಸಿ ಮಲೇರಿಯಾ ಹರಡಿದೆ. 

ದೆಹಲಿಯ ಪಾಲಿಕೆಯ ತಪಾಸಣೆಗಾರರು ಮನೆಮನೆಗೆ ಬಂದು ಹುಡುಕುವುದು ನೀರಿನಲ್ಲಿ ಮಿಸುಕುವ ಲಾರ್ವಾಗಳನ್ನು. ಒಣಗಿದ ತೊಟ್ಟಿಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಆದ್ದರಿಂದ ಕೂಲರು ಎತ್ತಿಡುವ ಮೊದಲು ನೀರು ಚೆಲ್ಲಿ ಸುಮ್ಮನಾಗಬೇಡಿ. ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ.